ಕಳೆದದ್ದು, ಎಸೆದದ್ದು

"ಇನ್ನೊಂದು ಮಾರು ಬಿಡು," ಎಂದ ಕಾದಂಬರಿಕಾರ, ಬಾವಿಯ ಬಾಯಿಗೆ ಹಾಕಿದ್ದ ಕಬ್ಬಿಣದ ಜಾಲರಿಗೆ ಕೆನ್ನೆ ಒತ್ತಿಕೊಂಡು ಬೋರಲು ಮಲಗಿದ್ದಲ್ಲಿಂದಲೇ.

ತಂಗಿ ದಾರ ಬಿಟ್ಟಳು. ದಾರದ ತುದಿಗೆ ಹಳೆಯ ರೇಡಿಯೋ ಒಡೆದು ತೆಗೆದ ಅಯಸ್ಕಾಂತ ಕಟ್ಟಿತ್ತು. ಮೊದಲನೇ ಸಲ ಮೇಲೆ ಬಂದದ್ದು ಎರಡು ಮೊಳೆ. ಎರಡನೇ ಸಲ ಸೋಡಾ ಬಾಟಲಿಯ ಮುಚ್ಚಳ. ಮೂರನೇ ಸಲ ಯಾರದೋ ಹೇರ್‌ಪಿನ್ನು. ನಾಲ್ಕನೇ ಸಲ ತುಕ್ಕು ಹಿಡಿದ ಒಂದು ಚಮಚ ತಿರುಗುತ್ತ ತಿರುಗುತ್ತ ಬೆಳಕಿಗೆ ಬಂದಾಗ ಅವನು ಎದ್ದು ಕೂತು ಅದನ್ನೇ ನೋಡತೊಡಗಿದ. ಆಳದಿಂದ ಎದ್ದುಬಂದ ಖಾಲಿ ಚಮಚ. ಅದರಲ್ಲೇನೋ ಇದೆ ಅನ್ನಿಸಿತು.

"ಅಣ್ಣ, ಬೇಡ," ಎಂದಳು ತಂಗಿ. "ಅದು ಚಮಚ."

ಗ್ರಂಥಾಲಯದ ಜವಾನ ಅರ್ಧ ಗಂಟೆಯಿಂದ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಇವರನ್ನೇ ನೋಡುತ್ತಿದ್ದ. ಈಗ ಲೋಟ ಕೆಳಗಿಟ್ಟು ಕೆಮ್ಮಿದ.

"ಸಾರ್, ನಿನ್ನೆ ಸಾಯಂಕಾಲ ಎಸೆದ್ರಲ್ಲ ಆ ಬೀಗದ ಕೈ, ಅದು ಹಿತ್ತಾಳೆದಲ್ವಾ? ಹಳದಿ ಹೊಳೀತಿತ್ತು."

"ಹೌದು. ಅಪ್ಪಟ ಹಿತ್ತಾಳೆ. ಹಳೇ ಕಾಲದ್ದು."

"ಹಿತ್ತಾಳೆ ಅಯಸ್ಕಾಂತಕ್ಕೆ ಅಂಟಲ್ಲ ಸಾರ್."

ಅಣ್ಣ ತಂಗಿಯ ಮುಖ ನೋಡಿದ. ತಂಗಿ ಅಯಸ್ಕಾಂತದ ಮುಖ ನೋಡಿದಳು. ಅವಳು ಲ್ಯಾಬ್ ಟೆಕ್ನಿಷಿಯನ್ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವಳು. ಅವನು ತನ್ನ ಕಾದಂಬರಿಯ ನಾಲ್ಕನೇ ಅಧ್ಯಾಯದಲ್ಲಿ ಆತ್ಮವನ್ನು ಅಯಸ್ಕಾಂತಕ್ಕೆ ಹೋಲಿಸಿ ಎರಡೂವರೆ ಪುಟ ಬರೆದವನು. ಬೆಳಗಿನ ಗಾಬರಿಯಲ್ಲಿ ಇಬ್ಬರ ತಲೆಗೂ ಇದು ಹೊಳೆದಿರಲಿಲ್ಲ.

"ಮೊದಲೇ ಹೇಳಬಾರದಿತ್ತಾ ಮಾರಾಯ?" ಎಂದ ಕಾದಂಬರಿಕಾರ.

"ಇದೂ ಕಾದಂಬರಿಯೊಳಗಿಂದೇ ಏನೋ ಇರಬೇಕು ಅಂದ್ಕೊಂಡೆ ಸಾರ್. ನಿನ್ನೆ ನೀವು ಮಾಡಿದ್ದೂ ಹೀಗೇ ಇತ್ತಲ್ಲ."

ತಂಗಿ ದಾರ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಹತ್ತು ಗಂಟೆಯಾಗಿತ್ತು. ಮಧ್ಯಾಹ್ನ ಮೂರಕ್ಕೆ ಅವಳು ಆಸ್ಪತ್ರೆಯ ಕಚೇರಿಯಲ್ಲಿ ತನ್ನ ಅಂಕಪಟ್ಟಿಗಳ ಮೂಲಪ್ರತಿ ತೋರಿಸಬೇಕಿತ್ತು. ತೋರಿಸದಿದ್ದರೆ ಪಟ್ಟಿಯಲ್ಲಿ ಅವಳ ಕೆಳಗಿರುವವರನ್ನು ಕರೆಯುತ್ತಾರೆ ಎಂದು ಪತ್ರದಲ್ಲೇ ಬರೆದಿದ್ದರು, ಅಡಿಗೆರೆ ಎಳೆದು. ಈ ಕೆಲಸಕ್ಕಾಗಿ ಅವಳು ಎರಡು ವರ್ಷ ಕಾದಿದ್ದಳು. ಅಂಕಪಟ್ಟಿಗಳು ಮನೆಯ ಕಬ್ಬಿಣದ ಬೀರುವಿನೊಳಗಿದ್ದವು. ಬೀರುವಿನ ಬೀಗದ ಕೈ ಬಾವಿಯೊಳಗಿತ್ತು.

ಇರಲಾರದವನು ಇರುವೆ ಬಿಟ್ಟುಕೊಂಡ ಎಂಬ ಗಾದೆ ಹುಟ್ಟಿದ್ದು ಇಂಥವನನ್ನು ನೋಡಿಯೇ ಇರಬೇಕು. ಅವನ ಕಾದಂಬರಿಯ ಹೆಸರು 'ಬೀಗವಿಲ್ಲದ ಬಾಗಿಲಿಗೆ ಒಂಬತ್ತು ಮೆಟ್ಟಿಲು'. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ ಎಂದು ತಂಗಿ ಆಡಿಕೊಳ್ಳುತ್ತಿದ್ದಳು. ಹಗಲೆಲ್ಲ ವಿಮಾ ಕಚೇರಿಯಲ್ಲಿ ಕೂತು 'ತಮ್ಮ ಪತ್ರ ತಲುಪಿದೆ, ಪರಿಶೀಲಿಸಲಾಗುತ್ತಿದೆ' ಎಂದು ಬರೆಯುವ ಗುಮಾಸ್ತ, ನಾಲ್ಕು ವರ್ಷ ಬೆಳಗಿನ ಹೊತ್ತು ಬೇಗ ಎದ್ದು ಈ ಪುಸ್ತಕ ಬರೆದಿದ್ದ. ಪರದೇಶದ ಕಾದಂಬರಿಗಳ ಅನುವಾದ ಓದಿ ಓದಿ ಅವನಿಗೆ ತನ್ನ ಬೀದಿಯ ಹೆಸರಿಗಿಂತ ದೂರದ ಪರ್ವತಗಳ ಹೆಸರು ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಆದ್ದರಿಂದ ಕಾದಂಬರಿಯ ಸಾಧಕ ಹಿಮದಲ್ಲಿ ಮನೆ ಬಿಟ್ಟು ಹೊರಡುತ್ತಾನೆ. ಬರೆದವನು ಹಿಮವನ್ನು ನೋಡಿದ್ದು ಫ್ರಿಜ್ಜಿನ ಮೇಲ್ಗೂಡಿನಲ್ಲಿ ಮಾತ್ರ. ಹಿಮದ ವಾಸನೆ ಹೇಗಿರುತ್ತದೆ ಎಂದು ಬರೆಯಬೇಕಾದಾಗ ಅದರ ಬಾಗಿಲು ತೆಗೆದು ಮೂಗು ಒಳಗಿಟ್ಟು ನಿಂತಿದ್ದ. ಹೀಗಾಗಿ ಆ ಪರ್ವತಕ್ಕೆ ಸ್ವಲ್ಪ ಹಸಿ ಬಟಾಣಿಯ ವಾಸನೆ ಬಂದಿತ್ತು. ವಿಮರ್ಶಕರೊಬ್ಬರು ಅದನ್ನು 'ನೆಲದ ನೆನಪು' ಎಂದು ಮೆಚ್ಚಿಕೊಂಡರು.

ಸಾಧಕ ಒಂಬತ್ತು ಮೆಟ್ಟಿಲು ಹತ್ತುತ್ತಾನೆ. ಕೊನೆಯಲ್ಲೊಂದು ಬಾಗಿಲು, ಬಾಗಿಲ ಬಳಿ ಒಬ್ಬ ಕೀಲಿಗಾರ. ಒಕ್ಕಣ್ಣ, ಮಾತು ಬಾರದವನು. ಅವನು ಒಂದು ಬೀಗದ ಕೈಯನ್ನು ಉರಿಯಲ್ಲಿ ಕಪ್ಪಾಗಿಸಿ ಸಾಧಕನ ಅಂಗೈಯಲ್ಲಿಡುತ್ತಾನೆ. ಸಾಧಕ ಅದನ್ನು ಬಾವಿಗೆ ಎಸೆಯುತ್ತಾನೆ. ಬಾಗಿಲು ತಾನಾಗಿ ತೆರೆದು ಬೆಳಕು ಸುರಿಯುತ್ತದೆ. ಬಾಗಿಲಿಗೆ ಬೀಗವೇ ಇಲ್ಲದ ಮೇಲೆ ಬೀಗದ ಕೈ ಎಲ್ಲಿಂದ ಬಂತು ಎಂದು ತಂಗಿ ಹಸ್ತಪ್ರತಿ ಓದಿದಾಗಲೇ ಕೇಳಿದ್ದಳು. 'ಅದೇ ಸಂಕೇತ' ಎಂದಿದ್ದ. ಉತ್ತರ ಗೊತ್ತಿಲ್ಲದ ಕಡೆಯಲ್ಲೆಲ್ಲ ಅವನು ಒಂದೊಂದು ಸಂಕೇತ ನೆಟ್ಟಿದ್ದ, ಬೆಳೆ ಬಾರದ ಕಡೆ ಬೆರ್ಚಪ್ಪನನ್ನು ನಿಲ್ಲಿಸಿದ ಹಾಗೆ.

ಪುಸ್ತಕ ಹೇಗೋ ಓಡಿತು. ಓದುಗರ ಬಳಗವೊಂದು ಹುಟ್ಟಿತು. ನಿನ್ನೆ ಗ್ರಂಥಾಲಯದ ಹಿಂದಿನ ಅಂಗಳದಲ್ಲಿ ಆ ಬಳಗದವರು ಅವನನ್ನು ಕೂರಿಸಿ ಕೊನೆಯ ಪುಟ ಓದಿಸಿದರು. ಓದಿ ಮುಗಿಸಿದಾಗ ಯಾರೂ ಉಸಿರಾಡಲಿಲ್ಲ. ಆಗ ಹಿಂದಿನ ಸಾಲಿನಿಂದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಎದ್ದು, "ತಾವು ಎಸೆದಿದ್ದೀರಾ?" ಎಂದು ಕೇಳಿದರು. ಅಷ್ಟೇ. ಅವನ ಜೇಬಿನಲ್ಲಿ ಎರಡು ಬೀಗದ ಕೈಗಳಿದ್ದವು. ಒಂದು ಅವನ ಕೋಣೆಯದು: ತಗಡಿನಷ್ಟು ತೆಳ್ಳಗೆ, ಬೆರಳಿನ ಅರ್ಧದಷ್ಟು. ಇನ್ನೊಂದು ಬೀರುವಿನದು, ಅವತ್ತು ಬೆಳಿಗ್ಗೆ ವಿಮೆ ಕಾಗದ ತೆಗೆಯಲು ಅಮ್ಮನಿಂದ ಇಸಕೊಂಡು, ತೆಗೆಯಲೂ ಮರಳಿಸಲೂ ಮರೆತದ್ದು. ಅವನು ಎರಡನ್ನೂ ಜೇಬಿನೊಳಗೇ ಬೆರಳಿನಿಂದ ತೂಗಿದ. ತಗಡಿನದು ಹಿಂದಿನ ಸಾಲಿಗೆ ಕಾಣುವಂತಿರಲಿಲ್ಲ. ಹಿತ್ತಾಳೆಯದು ದಪ್ಪವಾಗಿ, ಉದ್ದವಾಗಿ, ನೋಡಿದರೆ ಸಂಕೇತದ ಹಾಗೇ ಇತ್ತು. ಮನೆಯಲ್ಲಿ ಇನ್ನೊಂದು ಇದ್ದೇ ಇದೆ ಎಂದು ಧೈರ್ಯ ಮಾಡಿ, ಎದ್ದು ನಡೆದು ಬಾವಿಯ ಜಾಲರಿಯ ಸಂದಿಯಿಂದ ಅದನ್ನು ಬಿಟ್ಟ. ಬುಳುಕ್ ಎಂದಿತು. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಮೇಷ್ಟ್ರು ಕೂಡ ಟೋಪಿ ತೆಗೆದರು.

ಇವತ್ತು ಬೆಳಿಗ್ಗೆ ತಂಗಿ ಬೀಗದ ಕೈ ಕೇಳಿದಾಗ ಅವನು ಗಾಂಭೀರ್ಯದಿಂದ, "ಇನ್ನೊಂದು ಇದೆಯಲ್ಲ, ಅದನ್ನ ತಗೋ," ಎಂದ. ಅಮ್ಮ ಒಲೆಯ ಮುಂದಿನಿಂದ ತಿರುಗದೆ, "ಅದು ಭದ್ರವಾಗಿದೆ," ಎಂದಳು.

"ಎಲ್ಲಿ?"

"ಬೀರುವಿನೊಳಗೆ."

ಬಾವಿಯ ಬಳಿಯಿಂದ ಅವರು ಮೊದಲು ಹೋದದ್ದು ವೆಲ್ಡಿಂಗ್ ಅಂಗಡಿಗೆ. ವೆಲ್ಡರು ಬೀರು ಯಾವ ಕಾಲದ್ದು ಎಂದು ಕೇಳಿ ಸೀಟಿ ಹೊಡೆದ. ಗ್ಯಾಸಿನಲ್ಲಿ ಕುಯ್ಯಬಹುದು, ಆದರೆ ಒಳಗೆ ಕಾಗದ ಇದ್ದರೆ ನನ್ನನ್ನು ಕೇಳಬೇಡಿ, ಬಾಗಿಲು ತೆಗೆಯುವಾಗ ಬೂದಿ ಬಂದರೆ ನಾನು ಜವಾಬ್ದಾರನಲ್ಲ ಎಂದ.

ಅಣ್ಣ ತಂಗಿ ರಸ್ತೆಗೆ ಬಂದರು. ಇಬ್ಬರಿಗೂ ಒಂದೇ ಹೆಸರು ನಾಲಗೆಯ ತುದಿಯಲ್ಲಿತ್ತು.

"ಬೀಗದ ಮಾವ," ಎಂದಳು ತಂಗಿ ಕೊನೆಗೆ.

"ಅವರು ನನ್ನ ಮುಖ ನೋಡಲ್ಲ."

"ನಿನ್ನ ಮುಖ ನೋಡೋದು ಬೇಡ. ಬೀರುವಿನ ಮುಖ ನೋಡಿದ್ರೆ ಸಾಕು."

ಬೀಗದ ಮಾವ ಎಂದರೆ ಅಮ್ಮನ ತಮ್ಮ. ನಲವತ್ತು ವರ್ಷದಿಂದ ಬೀಗ ರಿಪೇರಿ. ಒಂದು ಕಾಲದಲ್ಲಿ ಕಾದಂಬರಿಕಾರ ಪ್ರತಿ ಭಾನುವಾರ ಮಾವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವರ ಕೈಗಳನ್ನೇ ನೋಡುತ್ತಿದ್ದ. ಬೀಗದ ತೂತಿನೊಳಗೆ ನೋಡುವಾಗ ಮಾವ ಒಂದು ಕಣ್ಣು ಮುಚ್ಚುತ್ತಿದ್ದರು. ಕಾದಂಬರಿಯಲ್ಲಿ ಆ ಕಣ್ಣೇ ಹೋಯಿತು. ಅದಕ್ಕೆ ಮಾವನಿಗೆ ಬೇಸರವಿರಲಿಲ್ಲ. ಆದರೆ ಮಾವ ಮಾತುಗಾರ. ಎದ್ದಾಗಿನಿಂದ ಮಲಗುವವರೆಗೆ ಮಾತು. ಮಂಡಿ ನೋವು, ಮಹಡಿಯ ಮನೆಯವರ ನಲ್ಲಿ, ಈಗಿನ ಬೀಗಗಳ ಹಣೆಬರಹ, ಎಲ್ಲವೂ ಒಂದೇ ಉಸಿರಿನಲ್ಲಿ. ಜ್ಞಾನಿಯೊಬ್ಬ ಮಂಡಿ ನೋವಿನ ಬಗ್ಗೆ ಮಾತಾಡಿದರೆ ಸಂಕೇತ ನಿಲ್ಲುವುದಿಲ್ಲವೆಂದು ಅವನು ಎರಡನೇ ಕರಡಿನಲ್ಲಿ ಮಾವನ ಮಾತನ್ನೆಲ್ಲ ಹೊಡೆದುಹಾಕಿದ. ಪುಸ್ತಕ ಬಂದ ಮೇಲೆ ಮಾವ ಒಂದು ದಿನ ಮನೆಗೆ ಬಂದು, ಬಾಗಿಲಲ್ಲೇ ನಿಂತು, "ಅಕ್ಕ, ನಾನು ಮೂಗನಾ?" ಎಂದು ಕೇಳಿ ಹೊರಟುಹೋದವರು ಮತ್ತೆ ಬಂದಿರಲಿಲ್ಲ.

ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದಷ್ಟು ಜಾಗದಲ್ಲಿ. ಮಾವನ ದನಿ ಎರಡು ಅಂಗಡಿ ಆಚೆಯಿಂದಲೇ ಕೇಳುತ್ತಿತ್ತು. ಇವತ್ತು ಅಂಗಡಿಯ ಮುಂದೆ ಸಾಲಿತ್ತು. ಬಾಗಿಲ ಮೇಲೆ ಹೊಸ ಬೋರ್ಡು, ಮಾವನದೇ ಬರಹ, ದಪ್ಪ ಅಕ್ಷರ:

ಕಳೆದ ಬೀಗದ ಕೈಗೆ ಒಳಗೆ ಬನ್ನಿ. ಎಸೆದ ಬೀಗದ ಕೈಗೆ ಹೊರಗೆ ಕಾಯಿರಿ.

ಹೊರಗೆ ಕಾಯುತ್ತಿದ್ದವರು ಆರು ಜನ. ಕಾದಂಬರಿಕಾರ ಬೋರ್ಡನ್ನು ಎರಡು ಸಲ ಓದಿದ. ತನ್ನ ಪುಸ್ತಕ ಜನರ ಬದುಕನ್ನು ಮುಟ್ಟಬೇಕೆಂದು ಅವನು ಮುನ್ನುಡಿಯಲ್ಲಿ ಆಶಿಸಿದ್ದ. ಮುಟ್ಟಿತ್ತು, ಬಾಗಿಲುಗಳ ಮೂಲಕ.

ಸಾಲಿನ ಮೊದಲಿದ್ದವರು ಒಬ್ಬ ಹಲ್ಲಿನ ಡಾಕ್ಟರು. ಅವರ ಹಿಂದೆ ಕೆನ್ನೆ ಹಿಡಿದುಕೊಂಡ ಮೂವರು ರೋಗಿಗಳು. ಆಮೇಲೆ ಒಬ್ಬ ಬ್ಯಾಂಕ್ ಕ್ಯಾಷಿಯರ್, ಅವರ ಪಕ್ಕದಲ್ಲಿ ಎರಡು ದಿನದಿಂದ ಒಂದೇ ಅಂಗಿ ಹಾಕಿಕೊಂಡಿದ್ದ ಅವರ ಗಂಡ. ಗಂಡನ ಕಣ್ಣಿನಲ್ಲಿ ಜ್ಞಾನೋದಯದ ಲಕ್ಷಣವೇನೂ ಇರಲಿಲ್ಲ.

"ಸಾರ್, ನೀವು," ಎಂದರು ಹಲ್ಲಿನ ಡಾಕ್ಟರು, ದನಿ ತಗ್ಗಿಸಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಮಾತಾಡುವ ಹಾಗೆ. "ನಿಜ ಹೇಳ್ತೀನಿ ಸಾರ್. ಕ್ಲಿನಿಕ್ಕಿನ ಬೀಗದ ಕೈ ಎಸೆದ ಕ್ಷಣ ಎಂಥ ಹಗುರ ಆಯ್ತು ಅಂದ್ರೆ..."

"ಆಮೇಲೆ?" ಎಂದಳು ತಂಗಿ.

"ಆಮೇಲೆ ರೋಗಿಗಳು ಬಂದ್ರು."

ಕ್ಯಾಷಿಯರ್ ಮುಂದೆ ಬಂದರು. "ಸಾರ್, ಒಂದು ಕೇಳ್ಬೇಕಿತ್ತು. ಏಳನೇ ಮೆಟ್ಟಿಲ ಮೇಲೆ ಒಂದು ಹಲ್ಲಿ ಬೀಳುತ್ತಲ್ಲ, ಬಾಲ ಬಿಟ್ಟು ಓಡಿಹೋಗುತ್ತೆ. ನಮ್ಮ ಬಳಗದಲ್ಲಿ ಮೂರು ವಾರ ಅದನ್ನೇ ಚರ್ಚೆ ಮಾಡಿದ್ವಿ. ಬಾಲ ಅಂದ್ರೆ ಪೂರ್ವಸ್ಮರಣೆನಾ?"

ಆ ಪುಟ ಬರೆಯುತ್ತಿದ್ದಾಗ ಗೋಡೆಯಿಂದ ಹಲ್ಲಿ ಬಿದ್ದು, ಅವನು ಕುರ್ಚಿಯ ಮೇಲೆ ಹತ್ತಿ ನಿಂತು ಅಮ್ಮನನ್ನು ಕೂಗಿದ್ದ. ಅದನ್ನು ಹೇಳಲು ಬಾಯಿ ತೆರೆದ. ಬಾಯಿಂದ ಬಂದದ್ದು, "ಒಂದು ರೀತಿಯಲ್ಲಿ, ಹೌದು."

ಕ್ಯಾಷಿಯರಿನ ಗಂಡ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇವನೇನಾ?" ಎಂದು ಹೆಂಡತಿಯನ್ನು ಕೇಳಿದ. "ನಾನು ಗಡ್ಡ ಇರುತ್ತೆ ಅಂದ್ಕೊಂಡಿದ್ದೆ."

ಒಳಗಿನಿಂದ ಮಾತು ನಿಂತಿತು. ಮಾವ ಬೀಗದ ತೂತಿನಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡಿದ್ದರು. ಒಂದು ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಬಾ ಪಂಡಿತ," ಎಂದರು. "ಒಂದು ವರ್ಷ ಮೂರು ತಿಂಗಳಾಯ್ತು. ಸ್ಟೂಲಿನ ಮೇಲೆ ಧೂಳು ಕೂತಿದೆ. ಏನು, ಕಳೆದದ್ದೋ ಎಸೆದದ್ದೋ?"

ಕಳೆದದ್ದು ಎಂದುಬಿಟ್ಟರೆ ಆಗಿತ್ತು. ಸಾಲಿನಲ್ಲಿದ್ದ ಆರು ಜನರ ಕಿವಿ ಅವನ ಬೆನ್ನಿಗೆ ಅಂಟಿಕೊಂಡಿದ್ದು ಅವನಿಗೆ ಗೊತ್ತಾಗುತ್ತಿತ್ತು. ಎಸೆದದ್ದು ಎಂದರೆ ಓದುಗರ ಎದುರು ಮಾನ ಉಳಿಯುತ್ತದೆ, ಕೆಲಸ ಕೆಡುತ್ತದೆ. ಕಳೆದದ್ದು ಎಂದರೆ ಕೆಲಸ ಆಗುತ್ತದೆ, ಕಾದಂಬರಿ ಬೀದಿಗೆ ಬೀಳುತ್ತದೆ. ಅವನು ಮೂರನೆಯ ದಾರಿ ಹಿಡಿದ.

"ಮಾವ, ನಿಜವಾಗಿ ನೋಡಿದ್ರೆ, ಕಳೆಯೋದಕ್ಕೂ ಎಸೆಯೋದಕ್ಕೂ ನಡುವೆ ಒಂದು..."

ತಂಗಿ ಅವನ ಕಾಲ್ಬೆರಳನ್ನು ಚಪ್ಪಲಿಯ ಹಿಮ್ಮಡಿಯಿಂದ ತುಳಿದಳು.

"ಎಸೆದೆ," ಎಂದ.

"ಹೊರಗೆ," ಎಂದರು ಮಾವ.

ಸಾಲಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಅವನು ಹೋಗಿ ಕ್ಯಾಷಿಯರಿನ ಗಂಡನ ಹಿಂದೆ ನಿಂತ. ತಂಗಿ ಮಾತ್ರ ಅಲ್ಲಾಡಲಿಲ್ಲ.

"ಮಾವ, ನಂದು ಕಳೆದದ್ದು."

"ನಿಂದೇನೇ?"

"ಬೀರುವಿನೊಳಗೆ ನನ್ನ ಅಂಕಪಟ್ಟಿ ಇದೆ. ಮೂರು ಗಂಟೆಗೆ ಆಸ್ಪತ್ರೆಯಲ್ಲಿ ತೋರಿಸಬೇಕು, ಇಲ್ಲಾಂದ್ರೆ ಕೆಲಸ ಇನ್ನೊಬ್ಬರಿಗೆ ಹೋಗುತ್ತೆ. ಅವನು ಎಸೆದಾಗ ನಾನು ಅಲ್ಲಿರಲೇ ಇಲ್ಲ, ಮನೇಲಿ ಬಟ್ಟೆ ಇಸ್ತ್ರಿ ಮಾಡ್ತಿದ್ದೆ. ಎಸೆದವನು ಅವನು. ಕಳೆದುಕೊಂಡವಳು ನಾನು."

ಮಾವ ಮುಚ್ಚಿದ್ದ ಕಣ್ಣನ್ನೂ ತೆರೆದರು. ಸ್ವಲ್ಪ ಹೊತ್ತು ಬೋರ್ಡಿನ ಹಿಂಬದಿಯನ್ನು ನೋಡಿದರು, ತಾವು ಬರೆದದ್ದರಲ್ಲಿ ಇದಕ್ಕೆ ಜಾಗ ಇದೆಯೋ ಎಂದು ನೋಡುವವರ ಹಾಗೆ. ಆಮೇಲೆ ಲೋಹ ಉಜ್ಜುವ ಅರಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು, ಎರಡು ಮೇಣದ ಬತ್ತಿ ಹಾಕಿದರು, ಇನ್ನೂ ಹಲ್ಲು ಕೊರೆಯದ ಹಿತ್ತಾಳೆಯ ಬೀಗದ ಕೈಗಳ ಗೊಂಚಲೊಂದನ್ನು ಹಾಕಿದರು.

"ನಾವು ಬೆಳಿಗ್ಗೆಯಿಂದ ಕಾಯ್ತಿದ್ದೀವಿ," ಎಂದರು ಹಲ್ಲಿನ ಡಾಕ್ಟರು.

"ನಿಮಗೆ ಅಷ್ಟು ಅವಸರ ಇದ್ದಿದ್ರೆ ಎಸೀತಿರಲಿಲ್ಲ." ಮಾವ ಷಟರ್ ಅರ್ಧ ಎಳೆದವರು ಕೆನ್ನೆ ಊದಿದ್ದ ರೋಗಿಗಳನ್ನು ಕಂಡು ನಿಂತರು. "ನಾಲ್ಕೂವರೆಗೆ ಬಂದು ಕ್ಲಿನಿಕ್ ತೆಗೀತೀನಿ. ಇವರಿಗೋಸ್ಕರ. ಇವರೇನೂ ಎಸೆದಿಲ್ಲ."

ಮನೆ ಮುಟ್ಟಿದಾಗ ಹನ್ನೊಂದೂವರೆ. ಮಾವ ಅಮ್ಮನಿಗೆ, "ಮಂಡಿ ಹೇಗಿದೆ ಅಕ್ಕ?" ಎಂದರು. "ನಿಂದು ಹೇಗಿದೆ?" ಎಂದಳು ಅಮ್ಮ. ಒಂದು ವರ್ಷ ಮೂರು ತಿಂಗಳ ಮುನಿಸು ಅಲ್ಲಿಗೆ ಮುಗಿಯಿತು. ಮುಗಿಯಿತು ಎಂದು ಇಬ್ಬರೂ ಹೇಳಲಿಲ್ಲ.

ಮಾವ ಬೀರುವಿನ ಮುಂದೆ ಚಾಪೆ ಹಾಕಿ ಕೂತರು. ಮೇಣದ ಬತ್ತಿ ಹಚ್ಚಿ, ಹಲ್ಲು ಕೊರೆಯದ ಒಂದು ಬೀಗದ ಕೈಯನ್ನು ಅದರ ನೆತ್ತಿಯ ಮೇಲೆ ಹಿಡಿದು ಮಸಿ ಕಟ್ಟಿಸಿದರು. ಕಪ್ಪಾದ ಕೈಯನ್ನು ಬೀಗಕ್ಕೆ ಹಾಕಿ ಒಂದಿಷ್ಟೇ ತಿರುವಿ, ಹೊರಗೆ ತೆಗೆದು, ಟಾರ್ಚಿನ ಬೆಳಕಿಗೆ ಹಿಡಿದರು. ಟಾರ್ಚ್ ಹಿಡಿಯುವ ಕೆಲಸ ಕಾದಂಬರಿಕಾರನಿಗೆ ಬಂದಿತ್ತು. ಮಸಿಯ ಮೇಲೆ ಒಂದು ಕಡೆ ಕೂದಲೆಳೆಯಷ್ಟು ಹೊಳಪು.

"ನೋಡು. ಒಳಗಿನ ತಗಡು ತಾಕಿದ ಕಡೆ ಮಸಿ ಹೋಗಿದೆ. ಅಲ್ಲಿ ಒಂದೇ ಒಂದು ಎಳೆ ಉಜ್ಜಬೇಕು. ಮತ್ತೆ ಮಸಿ, ಮತ್ತೆ ತಿರುವು. ಜಾಸ್ತಿ ಉಜ್ಜಿದ್ರೆ ಕೈ ಹಾಳು. ಭಾನುವಾರ ಭಾನುವಾರ ಹೇಳ್ತಿದ್ದೆ ನಿನಗೆ."

ಕಾದಂಬರಿಯಲ್ಲಿ ಇದು ಅಹಂಕಾರವನ್ನು ಉರಿಗೆ ಹಿಡಿಯುವುದು. ಅಲ್ಲಿ ಒಂದೇ ಸಲಕ್ಕೆ ಕಪ್ಪಾಗುತ್ತದೆ, ಒಂದೇ ಸಲಕ್ಕೆ ಕೆಲಸ ಆಗುತ್ತದೆ. ಇಲ್ಲಿ ಹನ್ನೆರಡೂವರೆಯಾದರೂ ಬೀಗ ಬಿಂಕ ಬಿಡಲಿಲ್ಲ. ಒಂದೂಕಾಲು ಆಯಿತು. ತಂಗಿ ಸೀರೆ ಉಟ್ಟು ಸಿದ್ಧವಾಗಿ, ಬಾಗಿಲ ಚೌಕಟ್ಟಿಗೆ ಒರಗಿ, ಗಡಿಯಾರದ ಕಡೆ ಒಮ್ಮೆ, ಬೀಗದ ಕಡೆ ಒಮ್ಮೆ ನೋಡುತ್ತಿದ್ದಳು. ಅವಳ ಉಗುರು ಬಾಯಿಯಲ್ಲಿತ್ತು. ಆಸ್ಪತ್ರೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ಮಾವ ಮಾತು ನಿಲ್ಲಿಸಿರಲಿಲ್ಲ. ಮಹಡಿಯ ಮನೆಯ ನಲ್ಲಿ ಈಗ ಕೆಳಗಿನ ಮನೆಯವರಿಗೂ ಸೋರುತ್ತದಂತೆ. ಬೀರು ಮಾಡಿದವನು ಒಳ್ಳೆಯ ಕೆಲಸಗಾರ, ಕೆಟ್ಟ ಮನುಷ್ಯ. ತಂಗಿಗೆ ಹೊಟ್ಟೆಗೇನಾದರೂ ಹಾಕಿಕೊಂಡು ಹೋಗಬೇಕಂತೆ, ಖಾಲಿ ಹೊಟ್ಟೆಯವರಿಗೆ ಗುಮಾಸ್ತರು ಸುಮ್ಮಸುಮ್ಮನೆ ತಪ್ಪು ಕಂಡುಹಿಡಿಯುತ್ತಾರಂತೆ. ಉಜ್ಜು, ಮಸಿ, ತಿರುವು. ಉಜ್ಜು, ಮಸಿ, ತಿರುವು.

"ಮಾವ, ಮಾತು ನಿಲ್ಲಿಸಿದ್ರೆ ಬೇಗ ಆಗಬಹುದೇನೋ," ಎಂದ ಕಾದಂಬರಿಕಾರ, ಆದಷ್ಟು ಮೆತ್ತಗೆ.

ಮಾವ ಅರವನ್ನು ಕೆಳಗಿಡಲಿಲ್ಲ. "ನಿನಗಾಗ ನಾಲ್ಕು ವರ್ಷ. ಆ ಕೋಣೆ ಕಾಣುತ್ತಲ್ಲ, ಅದರೊಳಗೆ ಹೋಗಿ ಚಿಲಕ ಹಾಕ್ಕೊಂಡೆ. ತೆಗೆಯೋಕೆ ಬರಲಿಲ್ಲ. ಕಿರುಚಿ ಕಿರುಚಿ ಉಸಿರು ಕಟ್ಟೋ ಹಾಗಾಯ್ತು. ನಿಮ್ಮಮ್ಮ ಅಂಗಡಿಗೆ ಓಡಿ ಬಂದ್ಲು. ನಾನು ಬಾಗಿಲಿಗೆ ಬಾಯಿಟ್ಟು ಮಾತಾಡೋಕೆ ಶುರು ಮಾಡಿದೆ. ಏನು ಮಾತಾಡಿದೆ ಅಂತ ನನಗೇ ಗೊತ್ತಿಲ್ಲ. ಬಸ್ಸು, ಬೆಕ್ಕು, ಬಾಯಿಗೆ ಬಂದದ್ದು. ಮಾತಾಡ್ತಿರೋವರೆಗೆ ನೀನು ಅಳಲ್ಲ, ನಿಲ್ಲಿಸಿದ್ರೆ ಅಳ್ತೀಯ. ಒಂದೂವರೆ ಗಂಟೆ. ಕೈ ಒಂದು ಕಡೆ, ಬಾಯಿ ಒಂದು ಕಡೆ. ಅವತ್ತು ಅಭ್ಯಾಸ ಆಯ್ತು. ಆಮೇಲೆ ಎಷ್ಟು ಬಾಗಿಲು ತೆಗೆದಿಲ್ಲ. ಒಳಗೆ ಮುದುಕರಿರ್ತಾರೆ, ಮಕ್ಕಳಿರ್ತಾರೆ. ಒಬ್ಬಳು ಬಸುರಿ ಹೆಂಗಸು ಸ್ನಾನದ ಮನೇಲಿ ಸಿಕ್ಕಿಹಾಕ್ಕೊಂಡಿದ್ಲು. ಬಾಗಿಲ ಆ ಕಡೆ ಇರೋರಿಗೆ ಬೀಗ ಎಷ್ಟು ಹೊತ್ತಿಗೆ ತೆಗೀತೀನಿ ಅನ್ನೋದು ಕಾಣಲ್ಲ. ಈ ಕಡೆ ಯಾರೋ ಇದ್ದಾರೆ ಅನ್ನೋದಷ್ಟೇ ಕೇಳಿಸುತ್ತೆ." ಅವರು ಬೀಗದ ಕೈಯನ್ನು ಊದಿದರು. "ಇವತ್ತು ಒಳಗೆ ಯಾರೂ ಇಲ್ಲ, ನಿಜ. ಆದರೆ ನಿನ್ನ ತಂಗಿ ನಿಂತಿದ್ದಾಳಲ್ಲ ಅಲ್ಲಿ, ಉಗುರು ಕಚ್ಚುತ್ತ."

ಈ ಕಥೆಯನ್ನು ಮಾವ ಎಷ್ಟೋ ಭಾನುವಾರ ಹೇಳಿರಬೇಕು. ಬಸ್ಸು, ಬೆಕ್ಕು ಎಂಬ ಮಾತು ಎಲ್ಲೋ ಕೇಳಿದ ನೆನಪು. ಆಗೆಲ್ಲ ಕಾದಂಬರಿಕಾರ ಮಾವನ ಕೈಯ ಮಸಿಯಲ್ಲಿ ಬ್ರಹ್ಮಾಂಡ ಹುಡುಕುತ್ತಿದ್ದ. ಈಗ ಕಿವಿಗೊಟ್ಟು ಕೇಳಿದ. ಕೇಳಿದ ಬೆನ್ನಿಗೇ, ಅವನ ಅರಿವಿಗೆ ಬಾರದಂತೆ, ಬಲಗೈ ಜೇಬಿನ ಪುಟ್ಟ ನೋಟ್‌ಬುಕ್ಕಿನ ಕಡೆ ಹೊರಟಿತು. ಬಾಗಿಲ ಆ ಕಡೆಯವರಿಗೆ ಕೇಳಿಸುವುದು. ಎಂಥ ಸಾಲು.

"ಟಾರ್ಚ್," ಎಂದಳು ತಂಗಿ.

ಬೆಳಕು ಬೀಗ ಬಿಟ್ಟು ಬೀರುವಿನ ತಲೆಯ ಮೇಲಿದ್ದ ಸೂಟ್‌ಕೇಸಿನ ಮೇಲೆ ಬಿದ್ದಿತ್ತು. ಅವನು ಅದನ್ನು ಮತ್ತೆ ಇಳಿಸಿದ.

ಎರಡಕ್ಕೆ ಐದು ನಿಮಿಷ ಇರುವಾಗ, ಮಾವ ಮಹಡಿಯ ನಲ್ಲಿಯ ವಿಷಯಕ್ಕೆ ಎರಡನೇ ಸಲ ಬಂದಿದ್ದಾಗ, ಬೀಗ ಒಳಗೆಲ್ಲೋ ನಿಟ್ಟುಸಿರು ಬಿಟ್ಟಂತೆ ತಿರುಗಿತು. ಬೆಳಕು ಸುರಿಯಲಿಲ್ಲ. ಕರ್ಪೂರದ ಉಂಡೆಯ ವಾಸನೆ ಬಂತು. ಒಳಬಾಗಿಲ ಮೊಳೆಗೆ ಎರಡನೇ ಬೀಗದ ಕೈ ಕೆಂಪು ದಾರದಲ್ಲಿ ನೇತಾಡುತ್ತಿತ್ತು, ಬಹಳ ಭದ್ರವಾಗಿ. ಮೇಲ್ಗೂಡಿನಲ್ಲಿ ಅಮ್ಮನ ಮದುವೆಯ ಸೀರೆ, ಅದರ ಕೆಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಮೂರು ಪುಸ್ತಕ. ಪತ್ರಿಕೆ ಹರಿದ ಕಡೆಯಿಂದ 'ಒಂಬತ್ತು ಮೆಟ್ಟಿಲು' ಎಂಬಷ್ಟು ಕಾಣುತ್ತಿತ್ತು.

"ಇದನ್ನ ಇಲ್ಲಿ ಯಾಕಿಟ್ಟಿದ್ದೀಯಮ್ಮ?"

"ಬೆಲೆ ಬಾಳೋದು ಅಂದಿದ್ದೆಯಲ್ಲ," ಎಂದಳು ಅಮ್ಮ. "ಓದಿದ್ರೆ ಮಾಸುತ್ತೆ ಅಂತ ಓದಿಲ್ಲ."

ತಂಗಿ ಫೈಲು ಎಳೆದುಕೊಂಡು, ಒಂದೊಂದೇ ಕಾಗದ ಬೆರಳಿಂದ ಎಣಿಸಿ, ಮಾವನ ಭುಜ ಒಮ್ಮೆ ಒತ್ತಿ ಓಡಿದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ರಸ್ತೆಗೆ ಸೇರುವವರೆಗೂ ಮೂವರೂ ಸುಮ್ಮನಿದ್ದರು. ಮಾವ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಕಾದಂಬರಿಕಾರ ನೋಡಿದ್ದು ಅದೇ ಮೊದಲು. ಆಮೇಲೆ ಅವರು ಹೊಸ ಬೀಗದ ಕೈಯ ಅಂಚುಗಳನ್ನು ನಯ ಮಾಡುತ್ತ ಕೂತರು, ಮೊದಲಿನ ಮಾತನ್ನು ಬಿಟ್ಟಲ್ಲಿಂದಲೇ ಹಿಡಿದು. ಅಮ್ಮ ಅಭ್ಯಾಸಬಲದಿಂದ ಎರಡನೇ ಕೈಯನ್ನು ಒಳಗಿನ ಮೊಳೆಗೇ ನೇತುಹಾಕಲು ಹೊರಟಾಗ ಮಾವ ಅವಳ ಮಣಿಕಟ್ಟು ಹಿಡಿದುಕೊಂಡರು.

"ಅಕ್ಕ. ಅಡುಗೆಮನೇಲಿ. ಉಪ್ಪಿನ ಡಬ್ಬಿ ಹಿಂದೆ."

"ಕಳ್ಳ ನೋಡಿದ್ರೆ?"

"ಕಳ್ಳನಿಗೆ ಬೇಡ ಅದು. ನಮಗೇ ಬೇಕಾಗೋದು."

ಮೂರೂ ಹತ್ತಕ್ಕೆ ಫೋನು ಬಂತು. ಕಾದಂಬರಿಕಾರ ಎತ್ತಿದ. "ತೋರಿಸಿದೆ," ಎಂದಳು ತಂಗಿ, ಏದುಸಿರಿನಲ್ಲಿ. "ಎರಡೇ ನಿಮಿಷ ಉಳಿದಿತ್ತು. ಸೋಮವಾರದಿಂದ ಬಾ ಅಂದ್ರು. ಅಮ್ಮಂಗೆ ಹೇಳು. ಮಾವಂಗೆ ಮೊದಲು ಹೇಳು. ಮತ್ತೆ ಅಣ್ಣ..."

"ಏನು?"

"ಮನೇಲಿ ಯಾವ ಬೀಗದ ಕೈಯನ್ನೂ ಮುಟ್ಟಬೇಡ."

ಅವನು ಹೇಳಿದ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕಾಫಿ ಮಾಡಲು ಒಳಗೆ ಹೋದಳು. ಮಾವ ತಲೆಯಾಡಿಸಿ, "ಹೊಟ್ಟೆಗೆ ಹಾಕ್ಕೊಂಡು ಹೋಗಲಿಲ್ಲ ನೋಡು," ಎಂದರು.

ಕಾಫಿ ಬಂತು. ಕಾದಂಬರಿಕಾರ ಚಾಪೆಯ ಮೇಲೆ ಮಾವನ ಎದುರು ಕೂತ. ಅವನ ಬೆರಳುಗಳಿಗೂ ಎಲ್ಲಿಂದಲೋ ಮಸಿ ಹತ್ತಿತ್ತು. ಕ್ಷಮಿಸಿ ಎನ್ನಬೇಕೆಂದಿದ್ದ. ಆದರೆ ಆ ಪದ ಅವನ ಬಾಯಿಗೆ ಬಹಳ ಸರಳ ಅನ್ನಿಸಿತು. ಇಷ್ಟು ದೊಡ್ಡ ತಪ್ಪಿಗೆ ಇಷ್ಟು ಚಿಕ್ಕ ಪದ ಸಾಲದು. ತನ್ನಲ್ಲಿರುವುದರಲ್ಲೇ ದೊಡ್ಡದನ್ನು ಕೊಡಬೇಕು. ಅವನಲ್ಲಿ ಇದ್ದದ್ದು ಒಂದೇ.

"ಮಾವ, ಎರಡನೇ ಮುದ್ರಣ ಬರ್ತಿದೆ," ಎಂದ.

"ಹೂಂ."

"ಕೀಲಿಗಾರನನ್ನ ಬದಲಾಯಿಸ್ತೀನಿ. ಎರಡು ಕಣ್ಣೂ ಕೊಡ್ತೀನಿ. ಅವನು ಮಾತಾಡ್ತಾನೆ. ಇವತ್ತು ನೀವು ಹೇಳಿದ್ದೆಲ್ಲ ಹಾಕ್ತೀನಿ. ಕೋಣೆಯೊಳಗಿನ ಮಗು, ಬಸ್ಸು, ಬೆಕ್ಕು, ಬಾಗಿಲ ಆ ಕಡೆಯವರ ಮಾತು, ಒಂದಕ್ಷರ ಬಿಡಲ್ಲ. ಒಂಬತ್ತನೇ ಮೆಟ್ಟಿಲು ಪೂರ್ತಿ ನಿಮ್ಮ ಮಾತೇ. ಮೊದಲ ಪುಟದಲ್ಲಿ ಅರ್ಪಣೆನೂ ನಿಮಗೇ."

ಮಾವ ಲೋಟದ ತಳದಲ್ಲಿದ್ದ ಕಾಫಿಯನ್ನು ಕುಡಿದು ಮುಗಿಸಿದರು. ಅರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬಟ್ಟೆಯ ಮೇಲಿಟ್ಟು ಸುತ್ತಿದರು, ದಾರ ಬಿಗಿದರು. ಮಂಡಿಯ ಮೇಲೆ ಕೈಯೂರಿ ಎದ್ದರು. ನಾಲ್ಕೂವರೆಗೆ ಹಲ್ಲಿನ ಡಾಕ್ಟರ ಬಾಗಿಲು ತೆಗೆಯಬೇಕಿತ್ತು.

"ಬೇಡ," ಎಂದರು. "ಅವನು ಮೂಗನಾಗೇ ಇರಲಿ. ಆ ಮಾತು ನನಗೆ ಕೆಲಸಕ್ಕೆ ಬೇಕು."